ಥೈಮಸ್ ಶಸ್ತ್ರಚಿಕಿತ್ಸೆ: ಗಾಯ ಮಾಯಲು ವಾರಗಳು, ಕಾಯಿಲೆ ಮಣಿಯಲು ವರ್ಷಗಳು

ರಾಮನಗರ: ಬೆಳಿಗ್ಗೆ ಎದ್ದಾಗ ಎಲ್ಲವೂ ಸರಿಯಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಣ್ಣಿನ ರೆಪ್ಪೆ ಜೋಲುತ್ತದೆ. ಸಂಜೆಯಾದಂತೆ ಎದುರಿಗಿರುವ ವಸ್ತು ಎರಡಾಗಿ ಕಾಣುತ್ತದೆ. ರಾತ್ರಿ ಊಟಕ್ಕೆ ಕುಳಿತರೆ ದವಡೆ ಅರ್ಧದಲ್ಲೇ ಸೋಲುತ್ತದೆ, ಮುದ್ದೆಯ ತುತ್ತು ಗಂಟಲಲ್ಲಿ ನಿಲ್ಲುತ್ತದೆ. ರಾತ್ರಿ ನಿದ್ರಿಸಿ ಎದ್ದರೆ ಮತ್ತೆ ಎಲ್ಲವೂ ಸರಿ. ‘ಸೋಮಾರಿತನ’, ‘ನಿಶ್ಶಕ್ತಿ’, ‘ಮನಸ್ಸಿನ ಕಾಯಿಲೆ’ ಎಂದು ಮನೆಯವರಿಂದ ಅನ್ನಿಸಿಕೊಳ್ಳುತ್ತ ಕೆಲವರು ತಿಂಗಳುಗಳನ್ನೇ ಕಳೆಯುತ್ತಾರೆ. ಮಯಸ್ತೇನಿಯಾ ಗ್ರೇವಿಸ್ ಎಂಬ ನರ-ಸ್ನಾಯು ರೋಗದ ಸಾಮಾನ್ಯ ಚಿತ್ರಣವಿದು.

ಹೆಸರು ಅಪರಿಚಿತವಾದರೂ ಈ ರೋಗವನ್ನು ಕಂಡ ಪ್ರಸಿದ್ಧರೊಬ್ಬರು ರಾಮನಗರಕ್ಕೆ ಅಪರಿಚಿತರಲ್ಲ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ಇಲ್ಲಿನ ರಾಮದೇವರ ಬೆಟ್ಟದ ಬಂಡೆಗಳ ನಡುವೆ ನಟಿಸಿದ ಅಮಿತಾಭ್ ಬಚ್ಚನ್ ಅವರಿಗೆ 1980ರ ದಶಕದಲ್ಲಿ ಇದೇ ರೋಗ ಇರುವುದು ಪತ್ತೆಯಾಗಿತ್ತು. ಚಿಕಿತ್ಸೆಯ ನಂತರ ಅವರು ದಶಕಗಳ ಕಾಲ ದುಡಿದದ್ದು ಎಲ್ಲರಿಗೂ ತಿಳಿದಿದೆ.

ಈ ರೋಗದ ಚಿಕಿತ್ಸೆಗಳಲ್ಲಿ ಥೈಮಸ್ ಗ್ರಂಥಿಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯೂ ಒಂದು. ಎದೆಯ ಮೇಲಿನ ಗಾಯ ಒಂದೆರಡು ತಿಂಗಳಲ್ಲಿ ಮಾಯುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ಫಲ ಕಾಣಲು ಹಲವು ತಿಂಗಳು, ಕೆಲವೊಮ್ಮೆ ಎರಡು ಮೂರು ವರ್ಷಗಳೇ ಬೇಕಾಗುತ್ತವೆ. ಈ ಎರಡು ಅವಧಿಗಳ ಅಂತರ ತಿಳಿಯದ ಕುಟುಂಬಗಳು ‘ಆಪರೇಷನ್ ಆಯಿತು, ಇನ್ನೇಕೆ ಮಾತ್ರೆ’ ಎಂದು ಔಷಧ ನಿಲ್ಲಿಸುವುದುಂಟು. ‘ಆಪರೇಷನ್ ಆದರೂ ಗುಣವಾಗಲಿಲ್ಲ’ ಎಂದು ಚಿಕಿತ್ಸೆಯನ್ನೇ ಕೈಬಿಡುವುದೂ ಉಂಟು. ಎರಡೂ ಅಪಾಯಕಾರಿ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಜೀವನಕ್ರಮವನ್ನು ಗಮನದಲ್ಲಿಟ್ಟುಕೊಂಡು, ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಯ ಬಗ್ಗೆ ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ.

ರೋಗವೇನು?

ಕೈ ಎತ್ತಬೇಕು ಎಂಬ ಆದೇಶ ಮಿದುಳಿನಿಂದ ನರದ ಮೂಲಕ ಬರುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಸ್ನಾಯುವಿನ ಮೇಲಿರುವ ಗ್ರಾಹಕಗಳು ಅದನ್ನು ಸ್ವೀಕರಿಸಿದಾಗ ಸ್ನಾಯು ಸಂಕುಚಿಸುತ್ತದೆ. ಮಯಸ್ತೇನಿಯಾದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಈ ಗ್ರಾಹಕಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ನರ ಸರಿಯಿದೆ, ಸ್ನಾಯುವೂ ಸರಿಯಿದೆ. ಅವುಗಳ ನಡುವಿನ ಸಂಪರ್ಕ ಮಾತ್ರ ದುರ್ಬಲ. ಆದ್ದರಿಂದಲೇ ಕೆಲಸ ಮಾಡಿದಷ್ಟೂ ಬಲ ಕುಂದುತ್ತದೆ, ವಿಶ್ರಾಂತಿ ಪಡೆದರೆ ಮರಳುತ್ತದೆ.

ಇದು ಅಂಟುರೋಗವಲ್ಲ. 40 ವರ್ಷದೊಳಗಿನ ಮಹಿಳೆಯರಲ್ಲಿ ಮತ್ತು 60 ದಾಟಿದ ಪುರುಷರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇತ್ತೀಚಿನ ಜಾಗತಿಕ ಅಂದಾಜಿನಂತೆ ಪ್ರತಿ 10 ಲಕ್ಷ ಜನರಲ್ಲಿ 150ರಿಂದ 250 ಮಂದಿಗೆ ಈ ರೋಗವಿರುತ್ತದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡ ಈ ನಾಲ್ಕು ತಾಲ್ಲೂಕುಗಳ ಜನಸಂಖ್ಯೆ 2011ರ ಜನಗಣತಿಯಲ್ಲಿ 10.82 ಲಕ್ಷ ಇತ್ತು. ರೋಗ ವಿರಳವೆನಿಸಿದರೂ ನಮ್ಮ ನಡುವೆ ಇಲ್ಲದ್ದಲ್ಲ ಎಂಬುದು ಈ ಲೆಕ್ಕದಿಂದ ಸ್ಪಷ್ಟ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ವಾರಗಟ್ಟಲೆ ಏರಿಳಿಯುತ್ತ ಬರುವ ರೆಪ್ಪೆ ಜೋಲುವಿಕೆ ಮಯಸ್ತೇನಿಯಾ ಇರಬಹುದು. ಆದರೆ ರಾತ್ರಿ ನೆಲದ ಮೇಲೆ ಮಲಗಿದ್ದವರು ಬೆಳಗಾಗುವಷ್ಟರಲ್ಲಿ ಎರಡೂ ರೆಪ್ಪೆ ಎತ್ತಲಾರದೆ ಎದ್ದರೆ, ಗಾಯ ಕಾಣದಿದ್ದರೂ, ಅದನ್ನು ಕಟ್ಟುಹಾವಿನ ಕಡಿತವೆಂದೇ ಶಂಕಿಸಿ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ಥೈಮಸ್‌ಗೂ ರೋಗಕ್ಕೂ ಏನು ನಂಟು?

ಎದೆಮೂಳೆಯ ಹಿಂದೆ, ಹೃದಯದ ಮುಂಭಾಗದಲ್ಲಿ ಥೈಮಸ್ ಗ್ರಂಥಿ ಇದೆ. ರೋಗನಿರೋಧಕ ಶಕ್ತಿಯ ಮುಖ್ಯ ಅಂಗವಾದ ‘ಟಿ’ ಕಣಗಳು ಬಾಲ್ಯದಲ್ಲಿ ಪಕ್ವವಾಗುವುದು ಇಲ್ಲಿಯೇ. ಹರೆಯದ ನಂತರ ಅದು ಕ್ರಮೇಣ ಕುಗ್ಗಿ ಕೊಬ್ಬಾಗಿ ಮಾರ್ಪಡುತ್ತದೆ. ಮಯಸ್ತೇನಿಯಾ ಇರುವ ಅನೇಕರಲ್ಲಿ, ವಿಶೇಷವಾಗಿ ಯುವ ವಯಸ್ಸಿನವರಲ್ಲಿ, ಈ ಗ್ರಂಥಿ ಕುಗ್ಗುವ ಬದಲು ಊದಿಕೊಂಡು ತಪ್ಪು ಪ್ರತಿಕಾಯಗಳ ಉತ್ಪಾದನೆಗೆ ಕುಮ್ಮಕ್ಕು ನೀಡುತ್ತದೆ. ಶೇ. 10ರಿಂದ 15ರಷ್ಟು ರೋಗಿಗಳಲ್ಲಿ ಥೈಮೋಮಾ ಎಂಬ ಗೆಡ್ಡೆಯೇ ಬೆಳೆದಿರುತ್ತದೆ.

ಅಮೆರಿಕದ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ 1936ರಲ್ಲಿ ಮಯಸ್ತೇನಿಯಾ ಇದ್ದ ಯುವತಿಯೊಬ್ಬಳ ಥೈಮಸ್ ಗೆಡ್ಡೆಯನ್ನು ತೆಗೆದರು. ಆಕೆಯ ಸ್ನಾಯುಬಲ ಸುಧಾರಿಸಿದ್ದು ಈ ಚಿಕಿತ್ಸೆಗೆ ನಾಂದಿಯಾಯಿತು. ಆದರೂ ಗೆಡ್ಡೆ ಇಲ್ಲದವರಿಗೆ ಇದರಿಂದ ನಿಜಕ್ಕೂ ಲಾಭವಿದೆಯೇ ಎಂಬ ವಿವಾದ ದಶಕಗಳ ಕಾಲ ಉಳಿದಿತ್ತು. 2016ರಲ್ಲಿ ಪ್ರಕಟವಾದ, ಹಲವು ದೇಶಗಳ 126 ರೋಗಿಗಳನ್ನು ಒಳಗೊಂಡ ಅಧ್ಯಯನ ಅದಕ್ಕೆ ತೆರೆ ಎಳೆಯಿತು. ಶಸ್ತ್ರಚಿಕಿತ್ಸೆ ಮತ್ತು ಸ್ಟೀರಾಯ್ಡ್ ಎರಡನ್ನೂ ಪಡೆದವರು ಮೂರು ವರ್ಷಗಳ ಅವಧಿಯಲ್ಲಿ ಸ್ಟೀರಾಯ್ಡ್ ಮಾತ್ರ ಪಡೆದವರಿಗಿಂತ ಬಲಶಾಲಿಗಳಾಗಿದ್ದರು. ದಿನ ಬಿಟ್ಟು ದಿನ ಸೇವಿಸುವ ಸ್ಟೀರಾಯ್ಡ್ ಪ್ರಮಾಣ ಅವರಲ್ಲಿ ಸರಾಸರಿ 44 ಮಿ.ಗ್ರಾಂ. ಇದ್ದರೆ, ಉಳಿದವರಲ್ಲಿ 60 ಮಿ.ಗ್ರಾಂ. ಇತ್ತು. ರೋಗ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಮೊದಲ ಗುಂಪಿನಲ್ಲಿ ಶೇ. 9, ಎರಡನೇ ಗುಂಪಿನಲ್ಲಿ ಶೇ. 37.

ಈ ಅಂಕಿಗಳಲ್ಲಿ ಒಂದು ಪಾಠವಿದೆ. ಶಸ್ತ್ರಚಿಕಿತ್ಸೆ ಪಡೆದವರೂ ಔಷಧ ಸೇವಿಸುತ್ತಲೇ ಇದ್ದರು. ಆದರೆ ಕಡಿಮೆ ಪ್ರಮಾಣದಲ್ಲಿ, ಹೆಚ್ಚು ಬಲದೊಂದಿಗೆ. ಥೈಮಸ್ ತೆಗೆಸುವುದರಿಂದ ನಿರೀಕ್ಷಿಸಬೇಕಾದದ್ದೂ ಇಷ್ಟನ್ನೇ. ಕೆಲವರು ಮುಂದೆ ಸಂಪೂರ್ಣವಾಗಿ ಔಷಧಮುಕ್ತರಾಗುತ್ತಾರೆ. ಆದರೆ ಅದನ್ನು ಮುಂಚಿತವಾಗಿ ಯಾರೂ ಖಾತರಿಪಡಿಸಲಾರರು.

ಯಾರಿಗೆ ಶಸ್ತ್ರಚಿಕಿತ್ಸೆ?

ಥೈಮೋಮಾ ಗೆಡ್ಡೆ ಇದ್ದರೆ ಸಾಮಾನ್ಯವಾಗಿ ಎಲ್ಲರಿಗೂ ಶಸ್ತ್ರಚಿಕಿತ್ಸೆ ಅಗತ್ಯ. ಗೆಡ್ಡೆ ಇಲ್ಲದಿದ್ದರೆ, ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯ ಇರುವ, ದುರ್ಬಲತೆ ಕಣ್ಣಿಗಷ್ಟೇ ಸೀಮಿತವಾಗಿರದ, 18ರಿಂದ 50 ವರ್ಷ ವಯಸ್ಸಿನವರಿಗೆ ರೋಗದ ಆರಂಭದ ದಿನಗಳಲ್ಲೇ ಅದನ್ನು ಪರಿಗಣಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ‘ಮಸ್ಕ್’ ಎಂಬ ಬೇರೆ ಬಗೆಯ ಪ್ರತಿಕಾಯ ಇರುವವರಿಗೆ ಇದರಿಂದ ಪ್ರಯೋಜನ ಕಂಡುಬಂದಿಲ್ಲ. ಆದ್ದರಿಂದ ರಕ್ತಪರೀಕ್ಷೆ ಮತ್ತು ಎದೆಯ ಸಿ.ಟಿ. ಸ್ಕ್ಯಾನ್ ಇಲ್ಲದೆ ನಿರ್ಧಾರ ಸಲ್ಲದು.

ವಯಸ್ಕರಿಗೆ ಥೈಮಸ್ ನಿರುಪಯೋಗಿ ಎಂಬ ಹಳೆಯ ನಂಬಿಕೆಯೂ ಈಗ ಉಳಿದಿಲ್ಲ. ಅಮೆರಿಕದ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯ ರೋಗಿಗಳ ದಾಖಲೆ ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿವಿಧ ಕಾರಣಗಳಿಗೆ ಥೈಮಸ್ ತೆಗೆಸಿಕೊಂಡ ವಯಸ್ಕರಲ್ಲಿ ಐದು ವರ್ಷಗಳೊಳಗಿನ ಸಾವಿನ ಪ್ರಮಾಣ ಶೇ. 8.1 ಇದ್ದರೆ, ಎದೆಯ ಬೇರೆ ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 2.8 ಇತ್ತು. ಲಾಭ ಸಾಬೀತಾಗಿರುವ ಮಯಸ್ತೇನಿಯಾ ರೋಗಿಗಳು ಇದರಿಂದ ಹಿಂಜರಿಯಬೇಕಿಲ್ಲ. ಅಗತ್ಯವಿಲ್ಲದವರಿಗೆ ಈ ಶಸ್ತ್ರಚಿಕಿತ್ಸೆ ಬೇಡ ಎಂಬುದಷ್ಟೇ ಇದರ ತಾತ್ಪರ್ಯ.

ಮುಖ್ಯವಾಗಿ, ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ. ನುಂಗುವ ಅಥವಾ ಉಸಿರಾಡುವ ತೊಂದರೆ ಇದ್ದರೆ ಮೊದಲು ಔಷಧ, ಇಮ್ಯುನೊಗ್ಲಾಬ್ಯುಲಿನ್ ಅಥವಾ ರಕ್ತದಿಂದ ಪ್ರತಿಕಾಯಗಳನ್ನು ತೆಗೆಯುವ ಪ್ಲಾಸ್ಮಾ ವಿನಿಮಯದ ಮೂಲಕ ರೋಗಿಯನ್ನು ಸ್ಥಿರಗೊಳಿಸಿ, ನಂತರ ದಿನ ನಿಗದಿಪಡಿಸುತ್ತಾರೆ. ‘ಇನ್ನೂ ಏಕೆ ತಡ’ ಎಂದು ಮನೆಯವರು ಆತಂಕಪಡಬೇಕಿಲ್ಲ.

ಆಸ್ಪತ್ರೆಯ ದಿನಗಳು

ಶಸ್ತ್ರಚಿಕಿತ್ಸೆಯಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದು ಎದೆಮೂಳೆಯನ್ನು ಮಧ್ಯದಲ್ಲಿ ಸೀಳಿ ಗ್ರಂಥಿಯನ್ನೂ ಸುತ್ತಲಿನ ಕೊಬ್ಬನ್ನೂ ತೆಗೆದು, ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿಯುವುದು. ಎರಡನೆಯದು ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಅಥವಾ ರೊಬೋಟ್ ನೆರವಿನಿಂದ ಮಾಡುವುದು. ರಂಧ್ರದ ವಿಧಾನದಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನ, ಮೂಳೆ ಸೀಳಿದರೆ ಐದರಿಂದ ಏಳು ದಿನ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ದೊಡ್ಡ ಗೆಡ್ಡೆಗಳಿಗೆ ತೆರೆದ ವಿಧಾನವನ್ನೇ ಆರಿಸುವುದು ಹೆಚ್ಚು.

ಮೊದಲ ಒಂದೆರಡು ದಿನ ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ಮೇಲೆ ಕಣ್ಣಿಡುತ್ತಾರೆ. ಎದೆಯಲ್ಲಿ ಸಂಗ್ರಹವಾಗುವ ದ್ರವ ಹೊರಬರಲು ಇಟ್ಟಿರುವ ನಳಿಕೆಯನ್ನು ಒಂದರಿಂದ ಮೂರು ದಿನದಲ್ಲಿ ತೆಗೆಯುತ್ತಾರೆ. ಈ ಅವಧಿಯ ದೊಡ್ಡ ಭಯವೆಂದರೆ ಉಸಿರಾಟದ ಸ್ನಾಯುಗಳೇ ಸೋಲುವ ‘ಮಯಸ್ತೇನಿಕ್ ಕ್ರೈಸಿಸ್’. ಮೊದಲೇ ನುಂಗುವ ತೊಂದರೆ ಇದ್ದವರು, ಹಿಂದೆ ಒಮ್ಮೆ ಕ್ರೈಸಿಸ್‌ಗೆ ತುತ್ತಾದವರು ಮತ್ತು ಶ್ವಾಸಕೋಶದ ಸಾಮರ್ಥ್ಯ ಕಡಿಮೆ ಇದ್ದವರಲ್ಲಿ ಇದರ ಸಾಧ್ಯತೆ ಹೆಚ್ಚು. ಕೆಲವು ದಿನಗಳ ಕೃತಕ ಉಸಿರಾಟದಿಂದ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರೆಳೆಯುವ ಸ್ಪೈರೋಮೀಟರ್ ಅಭ್ಯಾಸವನ್ನು ನೋವೆಂದು ತಪ್ಪಿಸಬಾರದು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಬೇಕು. ಕಫ ಒಳಗೇ ಉಳಿದರೆ ಸೋಂಕು ತಗಲುತ್ತದೆ. ಸೋಂಕು ರೋಗವನ್ನು ಕೆರಳಿಸುತ್ತದೆ.

ಮನೆಯಲ್ಲಿ ಮೊದಲ ಮೂರು ತಿಂಗಳು

ಸೀಳಿದ ಎದೆಮೂಳೆ ಕೂಡಿಕೊಳ್ಳಲು ಆರರಿಂದ ಎಂಟು ವಾರ, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಾಲ್ಕೈದು ಕೆ.ಜಿ.ಗಿಂತ ಹೆಚ್ಚಿನ ಭಾರ ಎತ್ತಬಾರದು. ನಮ್ಮ ಮನೆಗಳಲ್ಲಿ ಇದರ ಅರ್ಥವೇನು? ತುಂಬಿದ ನೀರಿನ ಬಿಂದಿಗೆ ಹತ್ತು ಕೆ.ಜಿ. ಮೀರುತ್ತದೆ. ಎರಡು ವರ್ಷದ ಮಗುವೂ ಅಷ್ಟೇ ಭಾರ. ಬೋರ್‌ವೆಲ್ ಕೈಪಂಪು ಒತ್ತುವುದು, ಹಿಟ್ಟು ನಾದುವುದು, ಮುದ್ದೆ ತಿರುವುವುದು, ಬಟ್ಟೆ ಒಗೆದು ಹಿಂಡುವುದು, ಸೌದೆ ಒಡೆಯುವುದು ಎಲ್ಲವೂ ಎದೆಮೂಳೆಯ ಮೇಲೆ ಒತ್ತಡ ಹಾಕುತ್ತವೆ. ನೆಲದ ಮೇಲೆ ಮಲಗಿ ಕೈಯೂರಿ ಏಳುವುದಕ್ಕಿಂತ ಮಂಚ ಒಳ್ಳೆಯದು. ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ ಏಳಬೇಕು. ಕೂರುವ ಶೌಚಾಲಯವಿಲ್ಲದಿದ್ದರೆ ಕುರ್ಚಿಯ ವ್ಯವಸ್ಥೆ ಮಾಡಿಕೊಳ್ಳಬಹುದು.

ಸಣ್ಣ ರಂಧ್ರಗಳ ಶಸ್ತ್ರಚಿಕಿತ್ಸೆಯಾದವರು ಎರಡು ಮೂರು ವಾರಗಳಲ್ಲಿ ಹಗುರ ಕೆಲಸಗಳಿಗೆ ಮರಳಬಹುದು. ಪಕ್ಕೆಲುಬಿನ ಸಾಲಿನಲ್ಲಿ ಉರಿ, ಜೋಮು ಕೆಲವು ವಾರ ಉಳಿಯುವುದುಂಟು. ಮೂಳೆ ಸೀಳಿದವರು ಸುಮಾರು ಆರು ವಾರ ದ್ವಿಚಕ್ರ ವಾಹನ ಓಡಿಸಬಾರದು, ಹಿಂದೆ ಕುಳಿತು ಹಳ್ಳದಿಣ್ಣೆಯ ರಸ್ತೆಯಲ್ಲಿ ಸಾಗುವುದೂ ಬೇಡ. ಕಾರಿನಲ್ಲಿ ಸೀಟ್ ಬೆಲ್ಟ್ ಮತ್ತು ಎದೆಯ ನಡುವೆ ಸಣ್ಣ ದಿಂಬು ಇಟ್ಟುಕೊಳ್ಳಬಹುದು. ಎರಡಾಗಿ ಕಾಣುವ ತೊಂದರೆ ಇರುವವರೆಗೆ ಯಾವುದೇ ವಾಹನ ಓಡಿಸಕೂಡದು. ಮಹಿಳೆಯರು ಗಾಯದ ಮೇಲಿನ ಎಳೆತ ತಪ್ಪಿಸಲು ಮೆತ್ತನೆಯ, ಆಧಾರ ನೀಡುವ ಒಳ ಉಡುಪು ಧರಿಸುವುದು ಹಿತಕರ.

ನಡಿಗೆಯೇ ಉತ್ತಮ ವ್ಯಾಯಾಮ. ಮೊದಲು ಮನೆಯೊಳಗೆ ಐದು ನಿಮಿಷ, ನಂತರ ಬೀದಿಯ ತುದಿಯವರೆಗೆ, ದಿನಕ್ಕಿಷ್ಟು ಹೆಚ್ಚಿಸುತ್ತ ಹೋಗಬೇಕು. ಆದರೆ ಬೇರೆ ಶಸ್ತ್ರಚಿಕಿತ್ಸೆಗಳಂತೆ ‘ದಣಿದರೂ ಬಿಡಬೇಡಿ’ ಎಂಬ ಮಾತು ಇಲ್ಲಿ ಸಲ್ಲದು. ರೆಪ್ಪೆ ಜೋಲತೊಡಗಿದರೆ, ಮಾತು ಮೂಗಿನಿಂದ ಬಂದಂತೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ ವಿಶ್ರಮಿಸಬೇಕು. ಏಪ್ರಿಲ್-ಮೇ ತಿಂಗಳ ಬಿಸಿಲು ದುರ್ಬಲತೆಯನ್ನು ಹೆಚ್ಚಿಸುವುದರಿಂದ ಬೆಳಗಿನ ತಂಪು ಹೊತ್ತು ಸೂಕ್ತ.

ಮುದ್ದೆಯ ತುತ್ತು ಮತ್ತು ‘ನಂಜಿ’ನ ಪಥ್ಯ

ರಾಗಿ ಮುದ್ದೆಯನ್ನು ಅಗಿಯದೆ ನುಂಗುವುದು ಈ ಭಾಗದ ವಾಡಿಕೆ. ಗಂಟಲ ಸ್ನಾಯು ದುರ್ಬಲವಾಗಿರುವಾಗ ಇದೇ ಅಪಾಯ. ಅಂಟುವ ದೊಡ್ಡ ತುತ್ತು ಶ್ವಾಸನಾಳವನ್ನು ಮುಚ್ಚಬಹುದು. ನುಂಗುವುದು ಸಂಪೂರ್ಣ ಸರಿಹೋಗುವವರೆಗೆ ಮುದ್ದೆಯ ಬದಲು ಗಟ್ಟಿಯಾದ ರಾಗಿ ಗಂಜಿ, ಮೆತ್ತಗೆ ಬೆಂದ ಅನ್ನ-ಬೇಳೆ ಉತ್ತಮ. ತೀರಾ ತೆಳುವಾದ ನೀರು, ಸಾರು ಕೂಡ ಕೆಲವರಿಗೆ ಶ್ವಾಸನಾಳಕ್ಕೆ ಇಳಿದು ಕೆಮ್ಮು ಬರಿಸುತ್ತವೆ. ನೇರವಾಗಿ ಕುಳಿತು, ಗದ್ದವನ್ನು ಸ್ವಲ್ಪ ಕೆಳಗೆ ಬಾಗಿಸಿ, ಸಣ್ಣ ಸಣ್ಣ ಗುಟುಕು ನುಂಗಬೇಕು. ಊಟದ ನಡುವೆ ಮಾತು ಬೇಡ. ಪಿರಿಡೋಸ್ಟಿಗ್ಮಿನ್ ಮಾತ್ರೆ ನುಂಗಿದ ಅರ್ಧದಿಂದ ಒಂದು ಗಂಟೆಯ ನಂತರ ಉಣ್ಣುವುದು ಒಳ್ಳೆಯದು.

ಗಾಯ ಕೀವಾಗುತ್ತದೆ, ‘ನಂಜು’ ಏರುತ್ತದೆ ಎಂದು ಬೇಳೆ, ಹಾಲು, ಮೊಟ್ಟೆ, ಮಾಂಸ ಬಿಡಿಸುವ ಪದ್ಧತಿ ಹಲವು ಮನೆಗಳಲ್ಲಿದೆ. ಮೂಳೆ ಕೂಡಲು, ಗಾಯ ಮಾಯಲು ಬೇಕಾದ ಸಸಾರಜನಕ ಮತ್ತು ಸುಣ್ಣದಂಶ ಸಿಗುವುದು ಇವುಗಳಿಂದಲೇ. ನಿಯಂತ್ರಿಸಬೇಕಾದದ್ದು ಉಪ್ಪು ಮತ್ತು ಸಕ್ಕರೆಯನ್ನು. ಏಕೆಂದರೆ ಸ್ಟೀರಾಯ್ಡ್ ಮಾತ್ರೆ ರಕ್ತದೊತ್ತಡ ಮತ್ತು ಸಕ್ಕರೆ ಎರಡನ್ನೂ ಏರಿಸುತ್ತದೆ.

ಔಷಧ: ನಿಲ್ಲಿಸುವ ಅಧಿಕಾರ ವೈದ್ಯರದು ಮಾತ್ರ

ಪಿರಿಡೋಸ್ಟಿಗ್ಮಿನ್ ಮಾತ್ರೆಯ ಪರಿಣಾಮ ಅರ್ಧ ಗಂಟೆಯಲ್ಲಿ ಆರಂಭವಾಗಿ ಮೂರು ನಾಲ್ಕು ಗಂಟೆ ಇರುತ್ತದೆ. ಆದ್ದರಿಂದ ಗಡಿಯಾರ ನೋಡಿಯೇ ಸೇವಿಸಬೇಕು. ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಇದರ ಅಗತ್ಯ ಕಡಿಮೆಯಾಗುತ್ತದೆ. ಪ್ರಮಾಣ ಹೆಚ್ಚಾದರೆ ಬಾಯಲ್ಲಿ ಜೊಲ್ಲು, ಹೊಟ್ಟೆ ನುಲಿತ, ಭೇದಿ, ಸ್ನಾಯುಗಳ ಅದುರುವಿಕೆ ಕಾಣಿಸಿಕೊಂಡು ದುರ್ಬಲತೆಯೇ ಹೆಚ್ಚುತ್ತದೆ. ಬಲ ಸಾಲದೆಂದು ತಾವೇ ಮಾತ್ರೆ ಹೆಚ್ಚಿಸಿಕೊಳ್ಳುವುದು ತಪ್ಪು.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿದರೆ ರೋಗ ಮರುಕಳಿಸುವುದಲ್ಲದೆ ಜೀವಕ್ಕೇ ಅಪಾಯವಾಗಬಹುದು. ತಿಂಗಳುಗಳ ಅವಧಿಯಲ್ಲಿ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ಅಜಥಯೊಪ್ರಿನ್ ಫಲ ನೀಡಲು ಆರು ತಿಂಗಳಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅದನ್ನು ಸೇವಿಸುವವರು ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಯನ್ನು ತಪ್ಪಿಸಬಾರದು. ಯೂರಿಕ್ ಆಮ್ಲಕ್ಕೆ ನೀಡುವ ಅಲೋಪ್ಯುರಿನಾಲ್ ಮಾತ್ರೆ ಇದರೊಂದಿಗೆ ಸೇರಿದರೆ ಅಪಾಯಕರ. ಚಿಕ್ಕ ಊರುಗಳ ಔಷಧ ಅಂಗಡಿಗಳಲ್ಲಿ ಈ ಮಾತ್ರೆಗಳು ಕೇಳಿದ ಕೂಡಲೇ ಸಿಗದೇ ಹೋಗಬಹುದು. ಎರಡು ವಾರದ ದಾಸ್ತಾನು ಸದಾ ಕೈಯಲ್ಲಿರಲಿ.

ತೆಗೆದ ಗ್ರಂಥಿಯ ಪ್ರಯೋಗಾಲಯ ವರದಿಯನ್ನು ಜೋಪಾನವಾಗಿಡಬೇಕು. ಅದರಲ್ಲಿ ಥೈಮೋಮಾ ಎಂದಿದ್ದರೆ, ವರ್ಷಗಳ ನಂತರವೂ ಮರಳುವ ಸಾಧ್ಯತೆ ಇರುವುದರಿಂದ, ದೀರ್ಘಕಾಲ ಸಿ.ಟಿ. ಸ್ಕ್ಯಾನ್ ತಪಾಸಣೆ ಅಗತ್ಯ. ಕೆಲವರಿಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ.

ಜ್ವರಕ್ಕೊಂದು ಇಂಜೆಕ್ಷನ್: ಮೊದಲು ಯೋಚಿಸಿ

ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ನಡೆದರೂ ಜ್ವರ, ಭೇದಿ ಬಂದಾಗ ಹೋಗುವುದು ಊರಿನ ಕ್ಲಿನಿಕ್‌ಗೆ. ಅಲ್ಲಿ ಹಿಂದಿನ ಕಾಯಿಲೆಯ ವಿಷಯ ಹೇಳದಿದ್ದರೆ ಅನಾಹುತವಾಗಬಹುದು. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಅಜಿತ್ರೊಮೈಸಿನ್ ಮೊದಲಾದ ಪ್ರತಿಜೀವಕಗಳು, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಮತ್ತು ಕ್ವಿನೈನ್, ರಕ್ತನಾಳಕ್ಕೆ ಕೊಡುವ ಮೆಗ್ನೀಶಿಯಂ, ರಕ್ತದೊತ್ತಡದ ಕೆಲವು ಬೀಟಾ-ಬ್ಲಾಕರ್ ಮಾತ್ರೆಗಳು ಮಯಸ್ತೇನಿಯಾವನ್ನು ಕೆರಳಿಸಬಲ್ಲವು. ಗ್ಲಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿ ಕೂಡ ಇದೇ ಗುಂಪಿನದು. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ.

ಹಲ್ಲು ಕೀಳಿಸುವುದಿರಲಿ, ಹೆರಿಗೆಯಿರಲಿ, ಅರಿವಳಿಕೆ ನೀಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು. ಕಿಸೆಯಲ್ಲಿ ಅಥವಾ ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳುವುದು ಸುಲಭ ಉಪಾಯ: ‘ನನಗೆ ಮಯಸ್ತೇನಿಯಾ ಗ್ರೇವಿಸ್ ಇದೆ. ಇಂಥ ದಿನ ಥೈಮಸ್ ಶಸ್ತ್ರಚಿಕಿತ್ಸೆಯಾಗಿದೆ. ಸೇವಿಸುತ್ತಿರುವ ಔಷಧಗಳು ಇವು. ಬೇರೆ ಔಷಧ ನೀಡುವ ಮುನ್ನ ದಯವಿಟ್ಟು ಪರಿಶೀಲಿಸಿ’ ಎಂದು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಸಿ, ಮನೆಯವರ ದೂರವಾಣಿ ಸಂಖ್ಯೆ ನಮೂದಿಸಬೇಕು. ನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರು ಜೀವಂತ ರೋಗಾಣುಗಳಿರುವ ಲಸಿಕೆ ಪಡೆಯಬಾರದು. ಫ್ಲೂ ಮತ್ತು ನ್ಯುಮೋನಿಯಾ ತಡೆಯ ನಿಷ್ಕ್ರಿಯ ಲಸಿಕೆಗಳ ಬಗ್ಗೆ ವೈದ್ಯರನ್ನು ಕೇಳಬಹುದು.

ಮತ್ತೆ ಕೆಲಸಕ್ಕೆ

ಈ ನಾಲ್ಕು ತಾಲ್ಲೂಕುಗಳ ದುಡಿಮೆ ಬಹುಪಾಲು ಕೈ, ಕಣ್ಣು ಮತ್ತು ಬೆನ್ನಿನ ದುಡಿಮೆ. ಕಚೇರಿ ನೌಕರರು ನಾಲ್ಕರಿಂದ ಎಂಟು ವಾರಗಳಲ್ಲಿ ಮರಳಬಹುದಾದರೆ ಇಲ್ಲಿನ ಅನೇಕರಿಗೆ ಮೂರು ತಿಂಗಳೂ ಸಾಲದು.

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ಸೊಪ್ಪು ಹಾಕಬೇಕು. ಸೊಪ್ಪಿನ ಹೊರೆ ಹೊರುವುದು, ತುಂಬಿದ ಚಂದ್ರಿಕೆ ಎತ್ತಿಡುವುದು ಎದೆಮೂಳೆ ಗಟ್ಟಿಯಾಗುವವರೆಗೆ ನಿಷಿದ್ಧ. ನಿದ್ರೆಗೆಡುವುದು ನಂತರವೂ ಒಳ್ಳೆಯದಲ್ಲ. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದರೆ ಆ ಅವಧಿಯ ಒಂದೆರಡು ಬೆಳೆ ಕೈಬಿಡುವುದು ಅಥವಾ ಬೇರೆಯವರಿಗೆ ವಹಿಸುವುದು ಜಾಣತನ. ಸಾಕಣೆ ಮನೆಯನ್ನು ಫಾರ್ಮಲಿನ್, ಬ್ಲೀಚಿಂಗ್ ಪುಡಿಯಿಂದ ಶುಚಿಗೊಳಿಸುವಾಗ ಅವರು ಒಳಗಿರಬಾರದು. ಗೂಡಿನಿಂದ ನೂಲು ಬಿಚ್ಚುವ ಘಟಕಗಳ ಬಿಸಿನೀರು ಮತ್ತು ಹಬೆಯ ನಡುವೆ ನಿಂತು ದುಡಿಯುವವರಿಗೆ ಶಾಖವೇ ಶತ್ರು. ಸಾಧ್ಯವಾದರೆ ಗೂಡು ಆರಿಸುವ, ಲೆಕ್ಕ ಬರೆಯುವ ಕೆಲಸ ಕೇಳಿ ಪಡೆಯಬೇಕು.

ಹೊಲ, ತೋಟಗಳಲ್ಲಿ ಇನ್ನೊಂದು ಅಪಾಯವಿದೆ. ಆರ್ಗನೊಫಾಸ್ಫರಸ್ ವರ್ಗದ ಕೀಟನಾಶಕಗಳು ದೇಹದಲ್ಲಿ ತಡೆಯುವ ಕಿಣ್ವವನ್ನೇ ಪಿರಿಡೋಸ್ಟಿಗ್ಮಿನ್ ಕೂಡ ತಡೆಯುತ್ತದೆ. ಈ ಮಾತ್ರೆ ಸೇವಿಸುವವರು ಕೀಟನಾಶಕ ಸಿಂಪಡಿಸಿದರೆ ವಿಷದ ಲಕ್ಷಣಗಳು ಕೂಡಿಕೊಂಡು ತೀವ್ರವಾಗಬಹುದು. ಮಾಗಡಿಯ ತರಕಾರಿ ಹೊಲವಿರಲಿ, ರಾಮನಗರದ ಮಾವಿನ ತೋಪಿರಲಿ, ಸಿಂಪಡಣೆಯನ್ನು ಬೇರೆಯವರಿಗೆ ಬಿಡುವುದೇ ಸರಿ.

ಚನ್ನಪಟ್ಟಣದಲ್ಲಿ ಬೊಂಬೆ ತಿರುಗಿಸುವ ಕುಶಲಕರ್ಮಿಗಳಿಗೆ ಕಣ್ಣೇ ಬಂಡವಾಳ. ತಿರುಗುವ ಮರಕ್ಕೆ ಉಳಿ ಹಿಡಿಯುವವರಿಗೆ ಒಂದು ಎರಡಾಗಿ ಕಂಡರೆ ಬೆರಳಿಗೇ ಸಂಚಕಾರ. ದೃಷ್ಟಿ ದಿನವಿಡೀ ಸ್ಥಿರವಾಗುವವರೆಗೆ ಲೇಥ್ ಬಿಟ್ಟು ಬಣ್ಣ, ಜೋಡಣೆ, ಪ್ಯಾಕಿಂಗ್ ಕೆಲಸ ಮಾಡಬಹುದು. ಬಿಡದಿಯ ಕಾರ್ಖಾನೆಗಳಿಗೆ ಹೋಗುವವರು ರಾತ್ರಿ ಪಾಳಿಯಿಂದ ವಿನಾಯಿತಿಗೆ ವೈದ್ಯರ ಪ್ರಮಾಣಪತ್ರ ಪಡೆಯಬೇಕು. ದಿನದ ಕಷ್ಟದ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡು, ನಡುವೆ ಅರ್ಧ ಗಂಟೆ ಕಣ್ಣು ಮುಚ್ಚಿ ವಿಶ್ರಮಿಸಿದರೆ ಸಂಜೆಯವರೆಗೆ ಬಲ ಉಳಿಯುತ್ತದೆ.

ಮದುವೆ, ಮಕ್ಕಳು

ಶಸ್ತ್ರಚಿಕಿತ್ಸೆಗೆ ಒಳಗಾಗುವವರಲ್ಲಿ ಯುವತಿಯರ ಸಂಖ್ಯೆ ದೊಡ್ಡದು. ‘ಎದೆ ಸೀಳಿದ ಹುಡುಗಿ’ ಎಂಬ ಮಾತಿಗೆ ಹೆದರಿ ವಿಷಯ ಮುಚ್ಚಿಟ್ಟು ಮದುವೆ ಮಾಡುವುದು, ಹೊಸ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗುವ ಅಥವಾ ನಿಲ್ಲಿಸುವ ಸ್ಥಿತಿ ತರುತ್ತದೆ. ರೋಗ ಹತೋಟಿಯಲ್ಲಿರುವ ಮಹಿಳೆಯರು ಗರ್ಭಿಣಿಯರಾಗಿ ಆರೋಗ್ಯವಂತ ಮಕ್ಕಳನ್ನು ಹೆರಬಹುದು. ಆದರೆ ಮೈಕೊಫಿನೊಲೇಟ್, ಮೆಥೊಟ್ರೆಕ್ಸೇಟ್ ಭ್ರೂಣಕ್ಕೆ ಹಾನಿಕರವಾದ್ದರಿಂದ ಗರ್ಭ ಧರಿಸುವ ಮುನ್ನವೇ ಔಷಧ ಬದಲಿಸಬೇಕು. ಹುಟ್ಟಿದ ಕೆಲವು ಶಿಶುಗಳಲ್ಲಿ ತಾತ್ಕಾಲಿಕ ದುರ್ಬಲತೆ ಕಾಣಿಸಿ ಕೆಲವು ವಾರಗಳಲ್ಲಿ ಮಾಯವಾಗುತ್ತದೆ. ಹಾಗಾಗಿ ನವಜಾತ ಶಿಶು ಘಟಕವಿರುವ ಆಸ್ಪತ್ರೆಯಲ್ಲಿ ಹೆರಿಗೆ ಆಗುವುದು ಕ್ಷೇಮ.

ಕೂಡಲೇ ಆಸ್ಪತ್ರೆಗೆ ಧಾವಿಸಬೇಕಾದ ಲಕ್ಷಣಗಳು

* ಮಲಗಿದರೆ ಉಸಿರು ಸಿಕ್ಕದಿರುವುದು, ಮಾತಿನ ನಡುವೆ ಉಸಿರಿಗಾಗಿ ನಿಲ್ಲುವುದು.
* ಒಂದೇ ಉಸಿರಿನಲ್ಲಿ 30ರವರೆಗೆ ಎಣಿಸುತ್ತಿದ್ದವರು 15 ದಾಟಲಾಗದಿರುವುದು.
* ಎಂಜಲನ್ನೂ ನುಂಗಲಾಗದಿರುವುದು, ನೀರು ಮೂಗಿನಿಂದ ಬರುವುದು.
* ಕತ್ತು ನಿಲ್ಲದೆ ತಲೆ ಮುಂದಕ್ಕೆ ಬಾಗುವುದು.
* ಜ್ವರ, ಗಾಯದಿಂದ ಕೀವು, ಎದೆಮೂಳೆಯಲ್ಲಿ ‘ಕಟಕಟ’ ಸದ್ದು ಅಥವಾ ಅಲುಗಾಟ.

ಬೆರಳಿಗೆ ಹಾಕುವ ಆಮ್ಲಜನಕ ಮಾಪಕದಲ್ಲಿ 97, 98 ತೋರಿಸಿತೆಂದು ಸುಮ್ಮನಿರಬಾರದು. ಈ ರೋಗದಲ್ಲಿ ಆಮ್ಲಜನಕದ ಮಟ್ಟ ಕುಸಿಯುವುದು ಕಟ್ಟಕಡೆಗೆ. ಉಸಿರಿನ ತೊಂದರೆ ಆರಂಭವಾದಾಗ ಸ್ವಂತ ಬೈಕಿನಲ್ಲಿ ಬೆಂಗಳೂರಿಗೆ ಹೊರಡದೆ 108 ಆಂಬುಲೆನ್ಸ್ ಕರೆಸಿ, ಮೊದಲು ಹತ್ತಿರದ ಜಿಲ್ಲಾ ಅಥವಾ ತಾಲ್ಲೂಕು ಆಸ್ಪತ್ರೆ ತಲುಪಬೇಕು.

ಎಲ್ಲಿಗೆ ಹೋಗಬೇಕು?

ಬೆಂಗಳೂರು ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗವಿದೆ. ಅಲ್ಲಿ ತಪಾಸಣೆ ಮಾಡಿಸಿಕೊಂಡವರಿಗೆ ಎದೆ ಶಸ್ತ್ರಚಿಕಿತ್ಸಾ ವಿಭಾಗವಿರುವ ಸೂಕ್ತ ಆಸ್ಪತ್ರೆಯನ್ನು ವೈದ್ಯರೇ ಸೂಚಿಸುತ್ತಾರೆ. ರಾಮನಗರ, ಚನ್ನಪಟ್ಟಣದವರಿಗೆ ಬೆಂಗಳೂರು-ಮೈಸೂರು ರೈಲಿನ ಅನುಕೂಲವಿದೆ. ಕನಕಪುರ, ಮಾಗಡಿಯವರಿಗೆ ರಸ್ತೆಯೇ ಗತಿ. ಕನಕಪುರದ ಕಡೆಯವರು ರೇಷ್ಮೆ ಸಂಸ್ಥೆ ನಿಲ್ದಾಣದಿಂದ ಮೆಟ್ರೊ ಹಿಡಿದರೆ ಬಸ್ಸಿನ ಕುಲುಕಾಟ ಅಷ್ಟರಮಟ್ಟಿಗೆ ತಪ್ಪುತ್ತದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸಾ ನೆರವಿದೆ. ಖಾಸಗಿ ಆಸ್ಪತ್ರೆಯಲ್ಲಿ ಇದರ ಲಾಭ ಪಡೆಯಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು ತಮ್ಮ ಶಸ್ತ್ರಚಿಕಿತ್ಸೆಗೆ ನೆರವು ಅನ್ವಯಿಸುತ್ತದೆಯೇ ಎಂದು ವಿಚಾರಿಸಬೇಕು. ಮಾತ್ರೆ ಮತ್ತು ಓಡಾಟದ ಖರ್ಚು ವರ್ಷಗಳ ಕಾಲ ಇರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳಿತು.

ತಾಳ್ಮೆಯೇ ಅರ್ಧ ಚಿಕಿತ್ಸೆ

ಒಂದು ಪುಟ್ಟ ದಿನಚರಿ ಪುಸ್ತಕ ಈ ಅವಧಿಯಲ್ಲಿ ಬಹಳ ನೆರವಾಗುತ್ತದೆ. ರೆಪ್ಪೆ ಎಷ್ಟು ಹೊತ್ತಿಗೆ ಜೋಲಿತು, ಎಷ್ಟು ಮಾತ್ರೆ ಬೇಕಾಯಿತು, ಎಷ್ಟು ಮೆಟ್ಟಿಲು ಹತ್ತಲಾಯಿತು ಎಂದು ದಿನಕ್ಕೆ ಎರಡು ಸಾಲು ಬರೆದಿಟ್ಟರೆ ಸಾಕು. ನಿನ್ನೆಗೂ ಇಂದಿಗೂ ವ್ಯತ್ಯಾಸ ಕಾಣದಿರಬಹುದು. ಆರು ತಿಂಗಳ ಹಿಂದಿನ ಪುಟ ತೆರೆದು ನೋಡಿದರೆ ಸುಧಾರಣೆ ಇದೆಯೇ ಇಲ್ಲವೇ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯುತ್ತದೆ. ನಡುವೆ ಕೆಲವು ಕೆಟ್ಟ ದಿನಗಳು ಬಂದೇ ಬರುತ್ತವೆ. ಅದರಿಂದ ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ತೀರ್ಮಾನಿಸಬೇಕಿಲ್ಲ. ಎದೆಯ ಗಾಯ ಮಾಯಿತೆಂದು ಮಾತ್ರೆ ಬಿಡದಿರುವುದು, ಬಲ ಬರಲಿಲ್ಲವೆಂದು ಧೈರ್ಯ ಬಿಡದಿರುವುದು. ಈ ಎರಡನ್ನು ಪಾಲಿಸಿದ ಮನೆಗಳಲ್ಲಿ ಚೇತರಿಕೆಯ ದಾರಿ ಸುಗಮವಾಗುತ್ತದೆ.